ಯಂತ್ರದೊಳಗೊಂದು ಯಂತ್ರ: ಆಟದ ನಿಯಮವೊಂದರ ಚರಿತ್ರೆ

ಆನ್‌ಲೈನ್ ಆಟವೊಂದನ್ನು ಇನ್‌ಸ್ಟಾಲ್ ಮಾಡುವಾಗ ಉದ್ದನೆಯ ಕರಾರುಪತ್ರವೊಂದು ತೆರೆದುಕೊಳ್ಳುತ್ತದೆ. ಅದನ್ನು ಓದುವವರು ಕಡಿಮೆ. ಸರ್ರನೆ ಕೆಳಗೆ ಜಾರಿಸಿ, ‘ಒಪ್ಪಿದ್ದೇನೆ’ ಎಂದು ಒತ್ತಿ ಮುಂದೆ ಹೋಗುತ್ತೇವೆ. ಆ ಪತ್ರಗಳಲ್ಲೋ ಅವುಗಳ ಜೊತೆಗಿರುವ ಸಹಾಯದ ಪುಟಗಳಲ್ಲೋ ಇತ್ತೀಚಿನ ವರ್ಷಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸುತ್ತಿದೆ: ಈ ಆಟವನ್ನು ವರ್ಚುವಲ್ ಮಷೀನ್‌ನಲ್ಲಿ ಆಡುವಂತಿಲ್ಲ. ಕೆಲವು ಆಟಗಳು ಇದನ್ನು ಮುಂಚೆ ಹೇಳುವುದೂ ಇಲ್ಲ. ಆಟ ತೆರೆದೊಡನೆ ಪರದೆಯ ಮೇಲೆ ಸಣ್ಣದೊಂದು ಚೌಕ ಮೂಡಿ, ವರ್ಚುವಲ್ ಮಷೀನ್‌ನಲ್ಲಿ ಇದು ನಡೆಯದು ಎಂದು ತಿಳಿಸಿ, ಅಲ್ಲಿಗೆ ಎಲ್ಲ ಮುಗಿಯುತ್ತದೆ.

ಈ ಮಾತು ನನ್ನ ಗಮನ ಸೆಳೆದದ್ದಕ್ಕೆ ಕಾರಣ, ಇದು ನಾವು ಕಂಡ ಉಳಿದ ಆಟದ ನಿಯಮಗಳ ಜಾತಿಗೆ ಸೇರುವುದಿಲ್ಲ. ಚೌಕಾಬಾರಕ್ಕೆ ನಿಯಮವಿದೆ, ಖೋಖೋಗೆ ನಿಯಮವಿದೆ, ಇಸ್ಪೀಟಿಗೂ ಇದೆ. ಕವಡೆ ಎಷ್ಟು ಬಿದ್ದರೆ ಕಾಯಿ ಎಷ್ಟು ಮನೆ ನಡೆಯಬೇಕು, ಯಾವ ಮನೆಯಲ್ಲಿದ್ದರೆ ಕಡಿಯುವಂತಿಲ್ಲ ಎಂದೆಲ್ಲ ಚೌಕಾಬಾರ ಹೇಳುತ್ತದೆ. ಆದರೆ ನೀವು ಯಾರ ಮನೆಯ ಜಗುಲಿಯ ಮೇಲೆ ಕೂತಿದ್ದೀರಿ, ಅದು ಸ್ವಂತದ್ದೋ ಬಾಡಿಗೆಯದ್ದೋ ಎಂದು ಅದು ಕೇಳುವುದಿಲ್ಲ. ವರ್ಚುವಲ್ ಮಷೀನ್ ಕುರಿತ ನಿಯಮ ಅದನ್ನೇ ಕೇಳುತ್ತದೆ. ಆಟಗಾರ ಏನು ಮಾಡಿದ ಎನ್ನುವುದನ್ನು ಬಿಟ್ಟು, ಅವನು ಎಲ್ಲಿ ಕೂತಿದ್ದಾನೆ ಎಂದು ವಿಚಾರಿಸುತ್ತದೆ. ನಡತೆಯ ನಿಯಮ ನೆಲೆಯ ನಿಯಮವಾಗಿ ಬದಲಾದದ್ದು ಹೇಗೆ ಎಂದು ತಿಳಿಯಬೇಕಾದರೆ ಸುಮಾರು ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ವಠಾರದ ಲೆಕ್ಕ

1960ರ ದಶಕದ ನಡುವಿನಲ್ಲಿ ಕಂಪ್ಯೂಟರ್ ಎಂದರೆ ಒಂದು ಕೋಣೆಯನ್ನೇ ತುಂಬುವ ಯಂತ್ರ. ದೊಡ್ಡ ಕಂಪನಿಗಳು, ವಿಶ್ವವಿದ್ಯಾಲಯಗಳು, ಸರ್ಕಾರಗಳು ಮಾತ್ರ ಕೊಳ್ಳಬಹುದಾದಷ್ಟು ಅದರ ಬೆಲೆ. ಒಬ್ಬರು ಬಳಸುವಾಗ ಉಳಿದವರು ಸರದಿಗೆ ಕಾಯಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಊರಿನಲ್ಲಿ ಐಬಿಎಂ ಕಂಪನಿಯ ವಿಜ್ಞಾನ ಕೇಂದ್ರವೊಂದಿತ್ತು. ಅಲ್ಲಿ ರಾಬರ್ಟ್ ಕ್ರೀಸಿ ಮುಂದಾಳಾಗಿದ್ದ ಸಣ್ಣ ತಂಡ ಈ ಸರದಿಗೆ ಬೇರೆಯದೇ ಪರಿಹಾರ ಹುಡುಕಿತು. ಒಂದೇ ಯಂತ್ರದ ಹೊತ್ತನ್ನು ಹಲವರಿಗೆ ಹಂಚುವುದಷ್ಟೇ ಅಲ್ಲ, ಪ್ರತಿಯೊಬ್ಬರಿಗೂ ಒಂದು ಇಡೀ ಯಂತ್ರವೇ ಸಿಕ್ಕಿದೆ ಎನ್ನಿಸುವಂತೆ ಮಾಡುವುದು. 1967ರ ಜನವರಿಯಲ್ಲಿ ಬಳಕೆಗೆ ಬಂದ ಸಿಪಿ-40 ಎಂಬ ಆ ವ್ಯವಸ್ಥೆ ಒಮ್ಮೆಗೆ 14 ಇಂಥ ‘ಯಂತ್ರ’ಗಳನ್ನು ನಡೆಸಬಲ್ಲದಾಗಿತ್ತು. 1972ರಲ್ಲಿ ಐಬಿಎಂ ಅದರ ಮುಂದುವರಿದ ರೂಪವನ್ನು ವಿಎಂ/370 ಎಂಬ ಹೆಸರಿನಲ್ಲಿ ಗ್ರಾಹಕರಿಗೆ ತಲುಪಿಸಿತು.

ಹಳೆಯ ಬೆಂಗಳೂರು, ಮೈಸೂರುಗಳ ವಠಾರ ಕಂಡವರಿಗೆ ಇದು ಬೇಗ ಹೊಳೆಯುತ್ತದೆ. ಹೊರಗಿನಿಂದ ನೋಡಿದರೆ ಒಂದೇ ಕಟ್ಟಡ, ಒಂದೇ ಬಾವಿ. ಒಳಗೆ ಎಂಟು ಹತ್ತು ಸಂಸಾರ, ಒಬ್ಬೊಬ್ಬರಿಗೂ ಬೇರೆ ಬಾಗಿಲು, ಬೇರೆ ಒಲೆ. ವ್ಯತ್ಯಾಸ ಇಷ್ಟೇ: ವಠಾರದಲ್ಲಿ ಪಕ್ಕದ ಮನೆಯ ಒಗ್ಗರಣೆಯ ಘಾಟೂ ಜಗಳವೂ ನಮ್ಮ ಮನೆಗೆ ಬರುತ್ತವೆ, ವರ್ಚುವಲ್ ಮಷೀನ್‌ನಲ್ಲಿ ಕೂತ ಪ್ರೋಗ್ರಾಮಿಗೆ ಪಕ್ಕದಲ್ಲಿ ಇನ್ನೊಂದು ಸಂಸಾರವಿದೆ ಎಂಬುದೇ ತಿಳಿಯಬಾರದು. ಕೆಳಗೆ ಕೂತು ಎಲ್ಲರಿಗೂ ಪಾಲು ಹಂಚುವ ವಠಾರದ ಯಜಮಾನನಿಗೆ ಹೈಪರ್‌ವೈಸರ್ ಎಂದು ಹೆಸರು.

1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬಿಬ್ಬರು ವಿದ್ವಾಂಸರು ಇಂಥ ವ್ಯವಸ್ಥೆಗೆ ಇರಬೇಕಾದ ಮೂರು ಗುಣಗಳನ್ನು ಗಣಿತದ ಕ್ರಮದಲ್ಲಿ ಬರೆದಿಟ್ಟರು. ಒಳಗಿನ ಪ್ರೋಗ್ರಾಂ ನಿಜವಾದ ಯಂತ್ರದ ಮೇಲೆ ಹೇಗೆ ನಡೆಯುತ್ತಿತ್ತೋ ಹಾಗೆಯೇ ನಡೆಯಬೇಕು. ಸಮಯದ ಏರುಪೇರು, ಸಂಪನ್ಮೂಲದ ಕೊರತೆ ಬಿಟ್ಟು ಬೇರೆ ವ್ಯತ್ಯಾಸ ಕಾಣಬಾರದು. ಕೆಲಸದ ಬಹುಪಾಲು ನೇರವಾಗಿ ಪ್ರೊಸೆಸರ್‌ ಮೇಲೆಯೇ ಆಗಬೇಕು, ಇಲ್ಲವಾದರೆ ವೇಗ ಬಿದ್ದುಹೋಗುತ್ತದೆ. ಸಂಪನ್ಮೂಲಗಳ ಮೇಲಿನ ಹಿಡಿತ ಪೂರ್ತಿಯಾಗಿ ಯಜಮಾನನ ಕೈಯಲ್ಲಿರಬೇಕು. ನಮ್ಮ ಕಥೆಗೆ ಬೇಕಾದದ್ದು ಮೊದಲನೆಯದು ಮತ್ತು ಮೂರನೆಯದು. ಒಳಗಿರುವವನಿಗೆ ತಾನು ಒಳಗಿದ್ದೇನೆಂದು ಗೊತ್ತಾಗಬಾರದು, ಕೆಳಗಿರುವವನಿಗೆ ಎಲ್ಲವೂ ಕಾಣುತ್ತಿರಬೇಕು. ಅಂದು ಇದು ಒಂದು ಸದ್ಗುಣ. ಮುಂದೆ ಇದೇ ಆಟಗಳ ಪಾಲಿಗೆ ದೊಡ್ಡ ಅನುಮಾನವಾಯಿತು.

ಮನೆಗೆ ಬಂದ ಆಟ

ಹಲವರು ಕೂಡಿ ಆಡುವ ಕಂಪ್ಯೂಟರ್ ಆಟಗಳು ಹುಟ್ಟಿದ್ದೂ ಇಂಥ ಹಂಚಿಕೊಂಡ ಯಂತ್ರಗಳ ಮೇಲೆಯೇ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಬರೀ ಅಕ್ಷರಗಳಲ್ಲಿ ನಡೆಯುವ ಆಟ. ಇಡೀ ಲೋಕ ವಿಶ್ವವಿದ್ಯಾಲಯದ ಯಂತ್ರದೊಳಗೇ ಇತ್ತು. ಆಟಗಾರನ ಎದುರಿಗಿದ್ದದ್ದು ಕೀಲಿಮಣೆ ಮತ್ತು ಅಕ್ಷರ ತೋರಿಸುವ ಸಾಧನ ಮಾತ್ರ. ಮೋಸ ಮಾಡಲು ಅವನ ಬಳಿ ಯಂತ್ರವೇ ಇರಲಿಲ್ಲ. ಆಗಿನ ಜಗಳಗಳು ನಡತೆಯ ಜಗಳಗಳು.

1986ರಲ್ಲಿ ಲ್ಯೂಕಾಸ್‌ಫಿಲ್ಮ್‌ನವರು ‘ಹ್ಯಾಬಿಟಾಟ್’ ಎಂಬ ಚಿತ್ರಲೋಕವನ್ನು ಪ್ರಯೋಗಕ್ಕೆ ಬಿಟ್ಟಾಗ ಸನ್ನಿವೇಶ ಬದಲಾಯಿತು. ಇಲ್ಲಿ ಆಟದ ಒಂದು ತುಂಡು ಆಟಗಾರನ ಮನೆಯ ಕಮಡೋರ್ 64 ಕಂಪ್ಯೂಟರಿನಲ್ಲಿ ಓಡುತ್ತಿತ್ತು, ಇನ್ನೊಂದು ತುಂಡು ದೂರದ ಸರ್ವರ್‌ನಲ್ಲಿ. ಇದನ್ನು ಕಟ್ಟಿದ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್ ಆಮೇಲೆ ತಾವು ಕಲಿತ ಪಾಠಗಳನ್ನು ಬರೆದರು. ಆಟಗಾರನ ಮನೆಯಲ್ಲಿರುವ ಯಂತ್ರವನ್ನು ನಂಬಬಾರದು, ನಾವು ಕೊಟ್ಟ ಪ್ರೋಗ್ರಾಮೇ ಅಲ್ಲಿ ಓಡುತ್ತಿದೆ ಎಂದು ತಿಳಿಯಬಾರದು ಎಂಬುದು ಅವುಗಳಲ್ಲೊಂದು. ಮುಂದಿನ ನಲವತ್ತು ವರ್ಷಗಳ ಜಗಳವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಆಟ ನಡೆಯುವುದು ನಿಮ್ಮ ಮನೆಯಲ್ಲಿ, ನ್ಯಾಯ ಹೇಳಬೇಕಾದದ್ದು ದೂರದ ಊರಿನವರು.

ಚಿನ್ನದ ಗದ್ದೆ

1997ರಲ್ಲಿ ‘ಅಲ್ಟಿಮಾ ಆನ್‌ಲೈನ್’, 1999ರಲ್ಲಿ ‘ಎವರ್‌ಕ್ವೆಸ್ಟ್’, 2004ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬಂದವು. ಲಕ್ಷಾಂತರ ಜನ ಒಂದೇ ಲೋಕದಲ್ಲಿ ಓಡಾಡತೊಡಗಿದಾಗ ಅಲ್ಲಿನ ಕತ್ತಿಗೆ, ಕುದುರೆಗೆ, ಚಿನ್ನದ ನಾಣ್ಯಕ್ಕೆ ಹೊರಗಿನ ಬೆಲೆ ಬಂತು. 2001ರಲ್ಲಿ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕ್ಯಾಸ್ಟ್ರೊನೋವಾ, ಎವರ್‌ಕ್ವೆಸ್ಟ್‌ನ ನೊರಾತ್ ಎಂಬ ಕಲ್ಪಿತ ನಾಡಿನ ತಲಾ ಉತ್ಪನ್ನವನ್ನು ಲೆಕ್ಕ ಹಾಕಿದರು. ಅದು ಆಗಿನ ರಷ್ಯಾ ಮತ್ತು ಬಲ್ಗೇರಿಯಾಗಳ ನಡುವೆ ಬಂದು ನಿಂತಿತು. ಅಲ್ಲಿ ಆಡುವವನ ಒಂದು ಗಂಟೆಯ ದುಡಿಮೆ ಸುಮಾರು 3.42 ಡಾಲರಿಗೆ ಸಮ ಎಂದು ಅವರ ಅಂದಾಜು.

ದುಡ್ಡು ಹುಟ್ಟುವ ಕಡೆ ಕೂಲಿಯೂ ಹುಟ್ಟುತ್ತದೆ. ಆಟದೊಳಗೆ ರಾಕ್ಷಸರನ್ನು ಕೊಂದು ಚಿನ್ನ ಕೂಡಿಸಿ ಮಾರುವ ಕೆಲಸ ಚೀನಾದಲ್ಲಿ ಕಾರ್ಖಾನೆಯ ರೂಪ ಪಡೆಯಿತು. 2007ರಲ್ಲಿ ಜೂಲಿಯನ್ ಡಿಬೆಲ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಸಂಚಿಕೆಗೆ ಬರೆದ ವರದಿಯಲ್ಲಿ ನಾನ್‌ಜಿಂಗ್‌ನ ಇಂಥ ಕಾರ್ಮಿಕನೊಬ್ಬನಿದ್ದಾನೆ. ರಾತ್ರಿ ಹನ್ನೆರಡು ಗಂಟೆಗಳ ಪಾಳಿ, ಗಂಟೆಗೆ ಸುಮಾರು 30 ಸೆಂಟ್ ಸಂಪಾದನೆ. ಮನುಷ್ಯರ ಬೆನ್ನಿಗೇ ಬಾಟ್‌ಗಳು ಬಂದವು. ಬಾಟ್ ಎಂದರೆ ಆಟಗಾರನ ಬದಲು ತಾನೇ ಆಡುವ ಪ್ರೋಗ್ರಾಂ. ಅದಕ್ಕೆ ಪಾಳಿಯಿಲ್ಲ, ಊಟವಿಲ್ಲ, ನಿದ್ದೆಯಿಲ್ಲ.

ಇದೇ ಹೊತ್ತಿಗೆ ವಠಾರದ ಕಲ್ಪನೆಯೂ ಮನೆಯ ಕಂಪ್ಯೂಟರಿಗೆ ಬಂದಿತ್ತು. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳು ಪೋಪೆಕ್-ಗೋಲ್ಡ್‌ಬರ್ಗ್ ಲೆಕ್ಕಕ್ಕೆ ಒಗ್ಗುವಂಥವಲ್ಲ ಎಂಬ ನಂಬಿಕೆಯನ್ನು ಮೀರಿ, ವಿಎಂವೇರ್ ಕಂಪನಿ 1999ರಲ್ಲಿ ಸಾಮಾನ್ಯ ಪಿಸಿಯ ಮೇಲೆ ವರ್ಚುವಲ್ ಮಷೀನ್ ಓಡಿಸುವ ತಂತ್ರಾಂಶ ಮಾರಿತು. ಬಾಟ್ ಸಾಕುವವನಿಗೆ ಇದು ವರವಾಯಿತು. ಒಂದು ಕಂಪ್ಯೂಟರ್, ಅದರೊಳಗೆ ಐದು ಯಂತ್ರ, ಐದು ಖಾತೆ. ಒಂದೊಂದಕ್ಕೂ ಬೇರೆ ಬೇರೆ ಡಿಸ್ಕ್ ಸಂಖ್ಯೆ, ಬೇರೆ ನೆಟ್‌ವರ್ಕ್ ವಿಳಾಸ. ಆಟದವರು ಒಂದು ಯಂತ್ರವನ್ನು ಬಹಿಷ್ಕರಿಸಿದರೆ ಅದನ್ನು ಅಳಿಸಿ ಹತ್ತು ನಿಮಿಷದಲ್ಲಿ ಇನ್ನೊಂದು ಹುಟ್ಟಿಸಬಹುದು. ಬಹಿಷ್ಕಾರವೆಂಬ ಶಿಕ್ಷೆಗೆ ಅರ್ಥ ಬರುವುದು ಶಿಕ್ಷೆ ಪಡೆದವನಿಗೆ ಒಂದೇ ಮೈ ಇದ್ದಾಗ. ಇಲ್ಲಿ ಮೈಗಳು ಪುಕ್ಕಟೆ.

ಎರಡನೆಯ ಕಷ್ಟ ಇನ್ನೂ ಆಳದ್ದು. ಗೋಡೆಯಾಚೆಯ ಶತ್ರುವನ್ನು ತೋರಿಸುವಂಥ ಮೋಸದ ಪ್ರೋಗ್ರಾಂ ಸಾಮಾನ್ಯವಾಗಿ ಆಟದ ಪಕ್ಕದಲ್ಲೇ ಓಡಬೇಕು, ಆದ್ದರಿಂದ ಹುಡುಕಿದರೆ ಸಿಗುತ್ತದೆ. ಆಟ ವರ್ಚುವಲ್ ಮಷೀನ್ ಒಳಗಿದ್ದರೆ, ಮೋಸಗಾರ ಹೊರಗೆ, ಯಜಮಾನನ ಜಾಗದಲ್ಲಿ ಕೂತು ಒಳಗಿನ ನೆನಪನ್ನೆಲ್ಲ ಓದಬಹುದು. ಕಾವಲುಗಾರ ಮನೆಯ ಮೂಲೆಮೂಲೆ ತಡಕುತ್ತಾನೆ. ಕಳ್ಳ ಇರುವುದು ಅಡಿಪಾಯದ ಕೆಳಗೆ. ಈ ನಿಯಮ ಮಾಡಿದವರ ಭಯ ಸುಳ್ಳಲ್ಲ ಎಂಬುದನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗಬೇಕು. ಪ್ರಾಮಾಣಿಕವಾಗಿ ಆಡಿ, ಮೋಸಗಾರರ ಕೈಯಲ್ಲಿ ದಿನವೂ ಸೋತು, ಬೇಸತ್ತು ಆಟ ಬಿಟ್ಟವರೂ ಈ ಚರಿತ್ರೆಯ ಪಾತ್ರಗಳೇ.

ಕಾವಲುಗಾರರ ಕಾಲ

2000ದಲ್ಲಿ ‘ಪಂಕ್‌ಬಸ್ಟರ್’, 2002ರಲ್ಲಿ ವಾಲ್ವ್ ಕಂಪನಿಯ ‘ವ್ಯಾಕ್’, ಆಮೇಲೆ ವಾರ್‌ಕ್ರಾಫ್ಟ್ ಜೊತೆ ಬ್ಲಿಝಾರ್ಡ್ ಕಂಪನಿಯ ‘ವಾರ್ಡನ್’. ಇವು ಆಟಗಾರನ ಕಂಪ್ಯೂಟರಿನಲ್ಲೇ ಕೂತು ಅವನ ಮೇಲೆ ಕಣ್ಣಿಡುವ ಪ್ರೋಗ್ರಾಂಗಳು. 2005ರಲ್ಲಿ ಗ್ರೆಗ್ ಹೊಗ್ಲಂಡ್ ಎಂಬ ಭದ್ರತಾ ತಜ್ಞ, ವಾರ್ಡನ್ ಆಟದ ಹೊರಗೆ ತೆರೆದಿರುವ ಬೇರೆ ಕಿಟಕಿಗಳ ಶೀರ್ಷಿಕೆಗಳನ್ನೂ ಓದುತ್ತಿದೆ ಎಂದು ತೋರಿಸಿದರು. ಇದು ಗೂಢಚಾರಿಕೆ ಎಂದು ಡಿಜಿಟಲ್ ಹಕ್ಕುಗಳ ಸಂಸ್ಥೆಯಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಟೀಕಿಸಿತು. ಅದೇ ವರ್ಷದ ಕೊನೆಯಲ್ಲಿ ನಗೆ ಬರಿಸುವ ಘಟನೆಯೊಂದು ನಡೆಯಿತು. ಸೋನಿ ಬಿಎಂಜಿ ಕಂಪನಿ ತನ್ನ ಸಂಗೀತದ ಸಿಡಿಗಳಲ್ಲಿ, ನಕಲು ತಡೆಯಲೆಂದು, ಕಂಪ್ಯೂಟರಿನಲ್ಲಿ ಅಡಗಿ ಕೂರುವ ಪ್ರೋಗ್ರಾಂ ಸೇರಿಸಿದ್ದು ಬಯಲಾಯಿತು. ಒಂದು ನಿರ್ದಿಷ್ಟ ಗುರುತಿನಿಂದ ಶುರುವಾಗುವ ಹೆಸರಿನ ಯಾವ ಕಡತವನ್ನೂ ಅದು ಕಾಣದಂತೆ ಮಾಡುತ್ತಿತ್ತು. ವಾರ್‌ಕ್ರಾಫ್ಟ್‌ನ ಮೋಸಗಾರರು ತಮ್ಮ ಪ್ರೋಗ್ರಾಂಗಳಿಗೆ ಅದೇ ಗುರುತಿನ ಹೆಸರಿಟ್ಟು ವಾರ್ಡನ್‌ನ ಕಣ್ಣು ತಪ್ಪಿಸಿದರು. ಒಬ್ಬ ಕಾವಲುಗಾರ ಹಾಸಿದ ಕಂಬಳಿಯ ಕೆಳಗೆ ಇನ್ನೊಬ್ಬ ಕಾವಲುಗಾರನ ಕಳ್ಳ ಮಲಗಿದ್ದ.

ಆಟದ ನಿಯಮಕ್ಕೂ ದೇಶದ ಕಾನೂನಿಗೂ ಇರುವ ಸಂಬಂಧ ಪರೀಕ್ಷೆಗೆ ಬಂದದ್ದು ‘ಗ್ಲೈಡರ್’ ಮೊಕದ್ದಮೆಯಲ್ಲಿ. ಎಂಡಿವೈ ಎಂಬ ಸಣ್ಣ ಕಂಪನಿ ಮಾರುತ್ತಿದ್ದ ಗ್ಲೈಡರ್, ವಾರ್‌ಕ್ರಾಫ್ಟ್ ಆಡುವ ಬಾಟ್. 2008ರ ಸೆಪ್ಟೆಂಬರ್ ಹೊತ್ತಿಗೆ 1,20,000 ಪರವಾನಗಿಗಳು ಮಾರಾಟವಾಗಿ 35 ಲಕ್ಷ ಡಾಲರ್ ಬಂದಿತ್ತು. ಬಾಟ್ ಬಳಸಿದವನು ಆಟದ ಕರಾರು ಮುರಿದ, ಕರಾರು ಮುರಿದ ಮೇಲೆ ಆಟದ ಪ್ರತಿಯನ್ನು ಬಳಸುವ ಹಕ್ಕೂ ಹೋಯಿತು, ಆದ್ದರಿಂದ ಅದು ಕೃತಿಸ್ವಾಮ್ಯದ ಉಲ್ಲಂಘನೆ ಎಂಬುದು ಬ್ಲಿಝಾರ್ಡ್ ವಾದ. ಕೆಳಗಿನ ನ್ಯಾಯಾಲಯ ಇದನ್ನು ಒಪ್ಪಿತು. 2010ರ ಡಿಸೆಂಬರಿನಲ್ಲಿ ಅಮೆರಿಕದ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಆಟದ ನಿಯಮ ಮುರಿಯುವುದು ಕರಾರಿನ ಭಂಗ; ಅದರಿಂದಲೇ ಅದು ಕೃತಿಸ್ವಾಮ್ಯದ ಕಳವಾಗದು ಎಂದಿತು. ಆದರೆ ವಾರ್ಡನ್‌ನ ಕಣ್ಣು ತಪ್ಪಿಸುವ ಸಾಧನ ಮಾರಿದ್ದು ಡಿಜಿಟಲ್ ಬೀಗಗಳನ್ನು ಕಾಯುವ ಕಾನೂನಿಗೆ ವಿರುದ್ಧ ಎಂಬುದನ್ನು ಎತ್ತಿಹಿಡಿಯಿತು. ನಿಯಮ ಮುರಿಯುವುದಕ್ಕಿಂತ ಕಾವಲುಗಾರನನ್ನು ಏಮಾರಿಸುವುದೇ ದೊಡ್ಡ ತಪ್ಪಾಗಿ ನಿಂತಿತು. ಮುಂದೆ ಬಂದದ್ದಕ್ಕೆ ಇದು ಮುನ್ಸೂಚನೆಯಂತಿದೆ ಎಂದು ನನಗೆ ಅನ್ನಿಸುತ್ತದೆ.

ಮಯಸಭೆಯ ಪರೀಕ್ಷೆ

ತಾನು ನಿಜವಾದ ಯಂತ್ರದಲ್ಲಿದ್ದೇನೋ ತೋರಿಕೆಯ ಯಂತ್ರದಲ್ಲಿದ್ದೇನೋ ಎಂದು ಒಳಗಿರುವ ಪ್ರೋಗ್ರಾಂ ತಿಳಿಯುವುದು ಹೇಗೆ? 2004ರಲ್ಲಿ ಪೋಲೆಂಡಿನ ಜೊಆನ್ನಾ ರುಟ್ಕೋವ್ಸ್ಕಾ ಅದಕ್ಕೊಂದು ಅಚ್ಚರಿಯ ದಾರಿ ತೋರಿಸಿದರು. ಪ್ರೊಸೆಸರಿಗೆ ಒಂದೇ ಒಂದು ಆದೇಶ ಕೊಟ್ಟು, ಒಂದು ಮುಖ್ಯ ಕೋಷ್ಟಕ ನೆನಪಿನ ಯಾವ ವಿಳಾಸದಲ್ಲಿದೆ ಎಂದು ಕೇಳುವುದು. ಆಗಿನ ವರ್ಚುವಲ್ ಮಷೀನ್‌ಗಳಲ್ಲಿ ಆ ವಿಳಾಸ ಬೇರೆಯಾಗಿರುತ್ತಿತ್ತು. ‘ಮೇಟ್ರಿಕ್ಸ್’ ಸಿನಿಮಾದ ನೆನಪಿನಲ್ಲಿ ಅದಕ್ಕೆ ಕೆಂಪು ಮಾತ್ರೆ ಎಂದು ಹೆಸರಿಟ್ಟರು. 2006ರಲ್ಲಿ ಅವರೇ ನೀಲಿ ಮಾತ್ರೆಯನ್ನೂ ತೋರಿಸಿದರು. ಓಡುತ್ತಿರುವ ಆಪರೇಟಿಂಗ್ ಸಿಸ್ಟಂ ಅನ್ನು, ಅದಕ್ಕೆ ಅರಿವಾಗದಂತೆ, ಹೈಪರ್‌ವೈಸರ್ ಒಂದರ ಮೇಲೆ ಕೂರಿಸುವ ವಿದ್ಯೆ ಅದು.

ಅಲ್ಲಿಂದಾಚೆಗೆ ಪರೀಕ್ಷೆಗಳು ಬೆಳೆದವು. ಕೆಲವು ಆದೇಶಗಳಿಗೆ ಹೈಪರ್‌ವೈಸರ್ ಮಧ್ಯೆ ಬಂದು ಉತ್ತರಿಸಬೇಕಾದ್ದರಿಂದ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಅಳೆಯುವುದು ಒಂದು ದಾರಿ. ಡಿಸ್ಕ್, ಗ್ರಾಫಿಕ್ಸ್ ಕಾರ್ಡ್‌ಗಳ ಹೆಸರಿನಲ್ಲಿ ವರ್ಚುವಲ್ ತಯಾರಕರ ಗುರುತು ಹುಡುಕುವುದು ಇನ್ನೊಂದು. ಎಲ್ಲಕ್ಕಿಂತ ಸುಲಭದ್ದು ಸುಮ್ಮನೆ ಕೇಳಿಬಿಡುವುದು. ಪ್ರೊಸೆಸರ್ ತನ್ನ ಪರಿಚಯ ಹೇಳುವ ಆದೇಶದಲ್ಲಿ ‘ನಾನು ಹೈಪರ್‌ವೈಸರ್ ಮೇಲಿದ್ದೇನೆ’ ಎಂದು ಹೇಳಲೆಂದೇ ಒಂದು ಬಿಟ್ ಮೀಸಲಿದೆ. ಗೊತ್ತಿದ್ದರೆ ಒಳಗಿನ ಆಪರೇಟಿಂಗ್ ಸಿಸ್ಟಂ ಚುರುಕಾಗಿ ಕೆಲಸ ಮಾಡಬಲ್ಲದು ಎಂಬ ಸದುದ್ದೇಶಕ್ಕೆ ಹುಟ್ಟಿದ ಸೌಜನ್ಯ ಅದು. ಆಟದ ಕಾವಲುಗಾರನೂ ಅದನ್ನೇ ಓದುತ್ತಾನೆ. ಫಲವಾಗಿ, ಸತ್ಯ ಹೇಳುವ ವರ್ಚುವಲ್ ಮಷೀನ್ ಬಾಗಿಲಲ್ಲೇ ಸಿಕ್ಕಿಬೀಳುತ್ತದೆ. ಆ ಬಿಟ್ ಮುಚ್ಚಿಟ್ಟು ಹೆಸರು ಬದಲಿಸಿಕೊಂಡದ್ದು ಒಳಗೆ ಬರುತ್ತದೆ.

ಮಹಾಭಾರತದ ಮಯಸಭೆಯಲ್ಲಿ ದುರ್ಯೋಧನ ಸ್ಫಟಿಕದ ನೆಲವನ್ನು ನೀರೆಂದು ತಿಳಿದು ಬಟ್ಟೆ ಎತ್ತಿಕೊಂಡ. ನೀರನ್ನು ನೆಲವೆಂದು ತಿಳಿದು ಬಿದ್ದ. ನೆಲೆಯನ್ನು ಪರೀಕ್ಷಿಸುವ ಯಾವ ನಿಯಮಕ್ಕೂ ಈ ಎರಡೂ ತಪ್ಪುಗಳು ಕಾದಿರುತ್ತವೆ. 2006ರ ನವೆಂಬರಿನಲ್ಲಿ ಬ್ಲಿಝಾರ್ಡ್ ಮೋಸಗಾರರನ್ನು ಹೊರಗಟ್ಟಿದಾಗ, ಸೆಡೆಗಾ ಎಂಬ ತಂತ್ರಾಂಶದ ನೆರವಿನಿಂದ ಲಿನಕ್ಸ್ ಮೇಲೆ ವಾರ್‌ಕ್ರಾಫ್ಟ್ ಆಡುತ್ತಿದ್ದ ಹಲವರೂ ಅದರಲ್ಲಿ ಸಿಕ್ಕಿಕೊಂಡರು. ಸೆಡೆಗಾ ವರ್ಚುವಲ್ ಮಷೀನ್ ಅಲ್ಲ, ವಿಂಡೋಸ್‌ನ ಮಾತನ್ನು ಲಿನಕ್ಸ್‌ಗೆ ತಿಳಿಹೇಳುವ ದುಭಾಷಿ. ಆದರೆ ಕಾವಲುಗಾರನ ಕಣ್ಣಿಗೆ ಅದು ಪರಿಚಿತ ಮನೆಯಂತಿರಲಿಲ್ಲ. ಕಂಪನಿ ಪರಿಶೀಲಿಸಿ ಅವರ ಖಾತೆಗಳನ್ನು ಮರಳಿಸಿತು. ಆಗ ಕೇಳಲು ಮನುಷ್ಯರಿದ್ದರು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

2012ರಲ್ಲಿ ಲಿನಕ್ಸ್ ಕರ್ನಲ್‌ಗೆ ವಿಎಫ್‌ಐಒ ಎಂಬ ವ್ಯವಸ್ಥೆ ಸೇರಿದ ಮೇಲೆ ಇನ್ನೊಂದು ಬಗೆಯ ಆಟಗಾರರು ಹುಟ್ಟಿದರು. ಇವರು ದಿನದ ಕೆಲಸವನ್ನೆಲ್ಲ ಲಿನಕ್ಸ್‌ನಲ್ಲಿ ಮಾಡುವವರು. ಆಟಕ್ಕೆ ಬೇಕಾದ ವಿಂಡೋಸ್ ಅನ್ನು ಒಂದು ಕೋಣೆಯಲ್ಲಿ, ಅಂದರೆ ವರ್ಚುವಲ್ ಮಷೀನ್‌ನಲ್ಲಿ ಇಟ್ಟು, ನಿಜವಾದ ಗ್ರಾಫಿಕ್ಸ್ ಕಾರ್ಡನ್ನೇ ಅದಕ್ಕೆ ನೇರವಾಗಿ ಒಪ್ಪಿಸುತ್ತಿದ್ದರು. ಎನ್‌ವಿಡಿಯಾ ಕಂಪನಿಯ ಗೃಹಬಳಕೆಯ ಕಾರ್ಡ್‌ಗಳ ಡ್ರೈವರ್ ಕೂಡ ವರ್ಚುವಲ್ ಮಷೀನ್ ಕಂಡೊಡನೆ ‘ದೋಷ 43’ ಎಂದು ಮುಷ್ಕರ ಹೂಡುತ್ತಿತ್ತು. ತನ್ನದೇ ದುಡ್ಡಿನಲ್ಲಿ ಕೊಂಡ ಕಾರ್ಡ್ ಬಳಸಲು ಜನ ಹೈಪರ್‌ವೈಸರ್‌ನ ಗುರುತು ಮುಚ್ಚಿಡುವುದನ್ನು ಕಲಿತರು. 2021ರಲ್ಲಿ ಎನ್‌ವಿಡಿಯಾ ಆ ತಡೆಯನ್ನು ತೆಗೆಯಿತು. ಅಷ್ಟರಲ್ಲಿ ಒಂದು ಪೀಳಿಗೆಯ ಪ್ರಾಮಾಣಿಕ ಬಳಕೆದಾರರಿಗೆ ಸುಳ್ಳು ಹೇಳುವ ವಿದ್ಯೆ ಬಂದಿತ್ತು. ಕಾವಲುಗಾರನ ಕಣ್ಣಿಗೆ ಇವರೂ ಬಾಟ್ ಸಾಕುವವರೂ ಒಂದೇ ವೇಷದಲ್ಲಿ ಕಾಣತೊಡಗಿದರು.

ಹುಟ್ಟಿದ ದಾಖಲೆ ತೋರಿಸಿ

ಎಲ್ಲ ಆಟಗಳೂ ನೆಲೆಯ ನಿಯಮದ ದಾರಿ ಹಿಡಿಯಲಿಲ್ಲ. ‘ಈವ್ ಆನ್‌ಲೈನ್’ ಆಟದಲ್ಲಿ ಒಬ್ಬರು ಹಲವು ಖಾತೆ ಇಟ್ಟುಕೊಳ್ಳುವುದು ಮೊದಲಿನಿಂದಲೂ ಸಹಜ. 2015ರ ಜನವರಿ 1ರಿಂದ ಅಲ್ಲಿ ಬಂದ ನಿಯಮ, ಒಂದು ಕೀಲಿ ಒತ್ತಿದರೆ ಹಲವು ಖಾತೆಗಳಲ್ಲಿ ಒಮ್ಮೆಗೇ ಕೆಲಸ ನಡೆಯುವಂತೆ ಮಾಡುವುದನ್ನು ನಿಷೇಧಿಸಿತು. 2020ರ ನವೆಂಬರಿನಲ್ಲಿ ವಾರ್‌ಕ್ರಾಫ್ಟ್ ಕೂಡ ಅದೇ ಬಗೆಯ ನಿಷೇಧ ತಂದಿತು. ಇದು ನಡತೆಯ ನಿಯಮ. ಎಷ್ಟು ಯಂತ್ರ, ಎಂಥ ಯಂತ್ರ ಎನ್ನುವುದು ಇಲ್ಲಿ ಮುಖ್ಯವಲ್ಲ. ಒಂದು ಬೆರಳಿನಿಂದ ಹತ್ತು ಜನರ ಕೆಲಸ ಮಾಡಿಸಿದೆಯಾ ಎನ್ನುವುದು ಮುಖ್ಯ.

ಆದರೆ ಗುಂಡು ಹಾರಿಸುವ, ಕ್ಷಣಾರ್ಧದಲ್ಲಿ ಸೋಲು ಗೆಲುವು ನಿರ್ಧಾರವಾಗುವ ಆಟಗಳು ಬೇರೆ ದಿಕ್ಕಿಗೆ ಹೊರಳಿದವು. 2020ರಲ್ಲಿ ರಾಯಟ್ ಕಂಪನಿ ‘ವ್ಯಾಲರಂಟ್’ ಆಟದ ಜೊತೆ ತಂದ ‘ವ್ಯಾನ್‌ಗಾರ್ಡ್’, ಕಂಪ್ಯೂಟರ್ ಹೊತ್ತಿಕೊಳ್ಳುವಾಗಲೇ ಆಪರೇಟಿಂಗ್ ಸಿಸ್ಟಂನ ಗರ್ಭಗುಡಿಯಾದ ಕರ್ನಲ್‌ನಲ್ಲಿ ಕೂರುತ್ತದೆ. ಮರುವರ್ಷ ವಿಂಡೋಸ್ 11 ಬಂದಾಗ, ಅದರ ಮೇಲೆ ವ್ಯಾಲರಂಟ್ ಆಡಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಸೆಕ್ಯೂರ್ ಬೂಟ್ ಎರಡೂ ಚಾಲೂ ಇರಬೇಕು ಎಂಬ ಶರತ್ತು ಬಂತು. ಟಿಪಿಎಂ ಎಂದರೆ ಯಂತ್ರದ ಆಧಾರ್ ಕಾರ್ಡ್ ಇದ್ದ ಹಾಗೆ. ಮೈ ಒಂದೇ ಇದೆ ಎಂದು ಯಂತ್ರವೇ ಈಗ ದಾಖಲೆ ತೋರಿಸಬೇಕು. 2024ರ ಮೇ ತಿಂಗಳಲ್ಲಿ ‘ಲೀಗ್ ಆಫ್ ಲೆಜೆಂಡ್ಸ್’ಗೂ ವ್ಯಾನ್‌ಗಾರ್ಡ್ ಬಂದು, ಅದುವರೆಗೆ ಲಿನಕ್ಸ್ ಮೇಲೆ ಹೇಗೋ ಆಡುತ್ತಿದ್ದವರ ದಾರಿ ಮುಚ್ಚಿತು. ಅದೇ ಅಕ್ಟೋಬರ್ 31ರಂದು ‘ಏಪೆಕ್ಸ್ ಲೆಜೆಂಡ್ಸ್’ ಕೂಡ ಲಿನಕ್ಸ್ ಆಟಗಾರರಿಗೆ ಬಾಗಿಲು ಹಾಕಿತು.

ಹೀಗೆ ಮನೆಯ ಕೀಲಿಕೈ ಕಾವಲುಗಾರನ ಕೈಗೆ ಬಂದ ಮೇಲೆ, ಅವನನ್ನು ಕಾಯುವವರು ಯಾರು? 2013ರಲ್ಲಿ ಅಮೆರಿಕದ ಇಸೀಯಾ ಎಂಬ ಗೇಮಿಂಗ್ ಕಂಪನಿಯ ಕಾವಲು ತಂತ್ರಾಂಶದಲ್ಲಿ ಒಳಗಿನವರೇ ಬಿಟ್‌ಕಾಯಿನ್ ಗಣಿಗಾರಿಕೆಯ ಪ್ರೋಗ್ರಾಂ ಸೇರಿಸಿ, ಸುಮಾರು 14,000 ಆಟಗಾರರ ಕಂಪ್ಯೂಟರ್‌ಗಳನ್ನು ಗುಟ್ಟಾಗಿ ದುಡಿಸಿದ್ದು ಹೊರಬಂತು. ನ್ಯೂಜೆರ್ಸಿ ರಾಜ್ಯದ ಜೊತೆ ಹತ್ತು ಲಕ್ಷ ಡಾಲರಿನ ರಾಜಿಯಲ್ಲಿ ಆ ಪ್ರಕರಣ ಮುಗಿಯಿತು. 2022ರಲ್ಲಿ ‘ಗೆನ್‌ಶಿನ್ ಇಂಪ್ಯಾಕ್ಟ್’ ಆಟದ ಕಾವಲು ಡ್ರೈವರನ್ನೇ ಆಯುಧ ಮಾಡಿಕೊಂಡು, ಆ ಆಟವನ್ನೇ ಇನ್‌ಸ್ಟಾಲ್ ಮಾಡಿರದ ಕಂಪ್ಯೂಟರ್‌ಗಳಲ್ಲೂ ಆಂಟಿವೈರಸ್ ಕೊಂದು ಒತ್ತೆಹಣ ಕೇಳುವ ದುಷ್ಟರ ಬಗ್ಗೆ ಟ್ರೆಂಡ್ ಮೈಕ್ರೋ ಸಂಸ್ಥೆ ವರದಿ ಮಾಡಿತು. ವಿಪರ್ಯಾಸವೆಂದರೆ, ಇಂಥ ಕಾವಲುಗಾರನನ್ನು ಪೂರ್ತಿ ನಂಬದವನು ಅವನನ್ನು ಒಂದು ಕೋಣೆಯಲ್ಲಿ ಕೂಡಿಹಾಕಲು ಬಳಸಬಹುದಾದ ಸಾಧನವೇ ವರ್ಚುವಲ್ ಮಷೀನ್. ನಿಯಮ ನಿಷೇಧಿಸುವುದೂ ಅದನ್ನೇ.

ಯಾರ ಯಂತ್ರ?

ನಮ್ಮ ದೇಶದಲ್ಲಿ ಈ ಪ್ರಶ್ನೆ ಹೆಚ್ಚಾಗಿ ಮೊಬೈಲ್ ರೂಪದಲ್ಲಿ ಬಂತು. ಕಂಪ್ಯೂಟರಿನೊಳಗೆ ಆಂಡ್ರಾಯ್ಡ್ ಫೋನನ್ನು ಹುಟ್ಟಿಸುವ ಎಮ್ಯುಲೇಟರ್‌ಗಳು ಇಲ್ಲಿ ಪರಿಚಿತ. 2018ರಲ್ಲಿ ಪಬ್‌ಜಿ ಮೊಬೈಲ್ ಬಂದಾಗ ಅದನ್ನು ಹೊರತಂದ ಟೆನ್ಸೆಂಟ್ ತಾನೇ ಒಂದು ಎಮ್ಯುಲೇಟರ್ ಕೊಟ್ಟಿತು. ಮೌಸ್ ಹಿಡಿದವನ ಗುರಿ ಹೆಬ್ಬೆರಳಿಗಿಂತ ನಿಖರ. ಆದ್ದರಿಂದ ಎಮ್ಯುಲೇಟರಿನವರಿಗೆ ಎಮ್ಯುಲೇಟರಿನವರನ್ನೇ ಜೋಡಿ ಮಾಡುವ ಏರ್ಪಾಡಿತ್ತು. 2020ರ ಸೆಪ್ಟೆಂಬರ್ 2ರಂದು ಭಾರತ ಸರ್ಕಾರ ಆ ಆಟವನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದರ ಜಾಗಕ್ಕೆ ಬಂದ ಬಿಜಿಎಂಐನಲ್ಲಿ ಎಮ್ಯುಲೇಟರಿಗೆ ಅವಕಾಶವೇ ಇಲ್ಲ. ಮೊದಲಿನ ನಿಯಮಕ್ಕೆ ಆಟದೊಳಗೇ ಒಂದು ಕಾರಣವಿತ್ತು, ಆ ಕಾರಣಕ್ಕೆ ತಕ್ಕ ಪರಿಹಾರವೂ ಇತ್ತು. ಹಳೆಯ ಕಂಪ್ಯೂಟರ್ ಇದ್ದು ಒಳ್ಳೆಯ ಫೋನ್ ಇಲ್ಲದ ಹುಡುಗನಿಗೆ ಎರಡನೆಯದು ಬರೀ ಮುಚ್ಚಿದ ಬಾಗಿಲು.

ನೆಲೆಯ ನಿಯಮ ಒಂದು ಯಂತ್ರಕ್ಕೆ ಒಬ್ಬನೇ ಒಡೆಯ ಎಂದು ಭಾವಿಸುತ್ತದೆ. ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಸೈಬರ್ ಕೆಫೆಯ ಒಂದು ಕಂಪ್ಯೂಟರ್ ಮುಂದೆ ದಿನಕ್ಕೆ ಹತ್ತಾರು ಹುಡುಗರು ಕೂತು ‘ಕೌಂಟರ್ ಸ್ಟ್ರೈಕ್’ ಆಡಿ ಏಳುತ್ತಿದ್ದರು. ಯಂತ್ರಕ್ಕೇ ಬಹಿಷ್ಕಾರ ಹಾಕುವ ಇಂದಿನ ಪದ್ಧತಿ ಅಂದು ಇದ್ದಿದ್ದರೆ, ಬೆಳಿಗ್ಗೆ ಕೂತವನ ಪಾಪ ಸಂಜೆ ಕೂತವನಿಗೆ ತಗುಲುತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಮದರ್‌ಬೋರ್ಡ್ ಕೊಳ್ಳುವವನಿಗೆ ಇಂದೂ ಈ ಅಪಾಯ ಇದ್ದದ್ದೇ. ಹಿಂದಿನ ಒಡೆಯ ಮಾಡಿದ ಮೋಸ ಆ ಬೋರ್ಡಿನ ಜೊತೆಯೇ ಬರಬಹುದು. ಪೂರ್ವಜನ್ಮದ ಕರ್ಮವನ್ನು ನಂಬದವರೂ ಅಲ್ಲಿ ನಂಬಬೇಕಾಗುತ್ತದೆ.

ಇಷ್ಟಾದ ಮೇಲೂ, ‘ವರ್ಚುವಲ್ ಮಷೀನ್ ಬೇಡ’ ಎಂಬುದು ಪೂರ್ತಿ ನಿಜವಲ್ಲ. ಇಂದಿನ ವಿಂಡೋಸ್ 11ರ ಭದ್ರತಾ ವ್ಯವಸ್ಥೆಯೇ ಒಂದು ಹೈಪರ್‌ವೈಸರನ್ನು ಆಧರಿಸಿದೆ. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಒಡೆಯನಿಗೇ ತಿಳಿಯದಂತೆ ಅದು ಕೆಳಗೆ ಓಡುತ್ತಿರುತ್ತದೆ. 2020ರಲ್ಲಿ ಸಾರ್ವಜನಿಕರಿಗೆ ತೆರೆದ ಎನ್‌ವಿಡಿಯಾದ ಜಿಫೋರ್ಸ್ ನೌ ಸೇವೆಯಲ್ಲಿ ಆಟ ನಡೆಯುವುದು ದೂರದ ಡೇಟಾ ಸೆಂಟರಿನ ವರ್ಚುವಲ್ ಮಷೀನ್‌ಗಳಲ್ಲಿ. ಮನೆಯ ವರ್ಚುವಲ್ ಮಷೀನ್‌ಗೆ ಬಾಗಿಲು ಹಾಕುವ ‘ಫೋರ್ಟ್‌ನೈಟ್’ನಂಥ ಆಟಗಳೂ ಅಲ್ಲಿ ನಡೆಯುತ್ತವೆ. ಅಂದರೆ ಆಕ್ಷೇಪ ಇರುವುದು ಯಂತ್ರದೊಳಗಿನ ಯಂತ್ರದ ಮೇಲಲ್ಲ. ಅದರ ಯಜಮಾನ ಯಾರು ಎಂಬುದರ ಮೇಲೆ. ಕಂಪನಿ ಯಜಮಾನನಾದರೆ ಸರಿ, ಆಟಗಾರ ತಾನೇ ಯಜಮಾನನಾದರೆ ತಪ್ಪು.

ಈ ನಿಯಮವನ್ನು ಕಿತ್ತುಹಾಕಬೇಕೆಂದು ನಾನು ಹೇಳುತ್ತಿಲ್ಲ. ಬಹುಮಾನದ ಹಣವಿರುವ ಪಂದ್ಯಕ್ಕೆ ಕಟ್ಟುನಿಟ್ಟು ಬೇಕು. ಆದರೆ ಚರಿತ್ರೆ ನೋಡಿದರೆ, ತುಸು ಚೆನ್ನಾಗಿ ನಡೆದ ಕಡೆಯಲ್ಲೆಲ್ಲ ಮೂರರಲ್ಲಿ ಒಂದಾದರೂ ಇತ್ತು. ಈವ್‌ನಲ್ಲಿದ್ದಂತೆ ಮಾಡಿದ ಕೆಲಸವನ್ನೇ ಹಿಡಿಯುವ ನಿಯಮ, ಪಬ್‌ಜಿಯ ಎಮ್ಯುಲೇಟರಿನವರಿಗೆ ಸಿಕ್ಕಂತೆ ಬೇರೆಯದೇ ಅಂಗಳ, ಅಥವಾ 2006ರ ಲಿನಕ್ಸ್ ಆಟಗಾರರಿಗೆ ಸಿಕ್ಕಂತೆ ಅಹವಾಲು ಕೇಳುವ ಒಬ್ಬ ಮನುಷ್ಯ. ಈ ಮೂರೂ ದುಬಾರಿ. ಬಾಗಿಲಲ್ಲಿ ಒಂದು ಬಿಟ್ ಓದಿ ಹೊರಗಟ್ಟುವುದು ಅಗ್ಗ. ಅಗ್ಗವಾದದ್ದೇ ನಿಯಮವಾಗಿ ಉಳಿದಿದೆ.

ಯಂತ್ರದ ಸತ್ಯಾಸತ್ಯತೆಗೆ ದಾಖಲೆ ಕೇಳುವ ಈ ಪದ್ಧತಿ ಆಟದ ಅಂಗಳದಲ್ಲೇ ನಿಂತಿಲ್ಲ. ಹಣ ಕಳಿಸುವ, ಪರೀಕ್ಷೆ ಬರೆಸುವ ಆ್ಯಪ್‌ಗಳೂ ನಮ್ಮ ಫೋನು, ಕಂಪ್ಯೂಟರುಗಳನ್ನು ಇದೇ ಪ್ರಶ್ನೆ ಕೇಳುತ್ತಿವೆ. ಹಾಗಾಗಿ ಮುಂದಿನ ಸಲ ಆ ಉದ್ದನೆಯ ಕರಾರುಪತ್ರ ತೆರೆದಾಗ ಈ ಒಂದು ಸಾಲನ್ನಾದರೂ ಹುಡುಕಿ ಓದಿ. ನಿಮ್ಮ ಮೇಜಿನ ಮೇಲಿರುವ ಯಂತ್ರದ ಯಜಮಾನ ಯಾರು ಎಂಬ ಬಗ್ಗೆ ಬರೆದವರ ಅಭಿಪ್ರಾಯ ಅಲ್ಲಿ ಸಿಗುತ್ತದೆ.